ಹರಿದ ನಾಡನ್ನು ಹೊಲಿದ ಬಾಳು: ರಾಷ್ಟ್ರನಾಯಕ ಎಸ್. ನಿಜಲಿಂಗಪ್ಪನವರು

ಇಂದಿನ ವಿದ್ಯಾರ್ಥಿಗೆ ಕರ್ನಾಟಕವೆಂಬುದು ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಒಂದೇ ಬಣ್ಣ ತುಂಬಿದ ಸಿದ್ಧ ನಾಡು. ಬೀದರದಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಹಬ್ಬಿರುವ ಈ ನೆಲವು ಎಂದೆಂದಿಗೂ ಹೀಗೆಯೇ ಇದ್ದಿತೆಂದು ಅವನು ಭಾವಿಸಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ ಸ್ವಾತಂತ್ರ್ಯ ಬಂದಾಗ ಕನ್ನಡ ನುಡಿಯುವ ಜನರು ಮುಂಬಯಿ, ಮದ್ರಾಸ್, ಹೈದರಾಬಾದ್, ಕೊಡಗು ಮತ್ತು ಮೈಸೂರು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಈ ಐದನ್ನು ಒಂದುಗೂಡಿಸುವ ಕಾರ್ಯದಲ್ಲಿ ಸಾವಿರಾರು ಮಂದಿ ದುಡಿದರು, ಕೆಲವರು ಪ್ರಾಣವನ್ನೇ ತೆತ್ತರು. ಒಂದುಗೂಡಿದ ನಾಡನ್ನು ಮೊತ್ತಮೊದಲು ನಡೆಸುವ ಹೊಣೆಯು ಮಾತ್ರ ಒಬ್ಬರ ಹೆಗಲಿಗೆ ಬಂದಿತು. ಅವರೇ ಸಿದ್ದವನಹಳ್ಳಿ ನಿಜಲಿಂಗಪ್ಪನವರು.

ಸೂಳೆಕೆರೆಯ ನೆರೆಯಲ್ಲಿರುವ ಕೆರೆಬಿಳಚಿಯ ಸೀಮೆಗೆ ಈ ಚರಿತ್ರೆ ದೂರದ ಮಾತಲ್ಲ. ಚನ್ನಗಿರಿ ತಾಲ್ಲೂಕು ಅಂದು ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಸಂಸ್ಥಾನದ ಉತ್ತರದ ಎಲ್ಲೆಗೆ ಸಮೀಪದಲ್ಲಿದ್ದಿತು. ಇಲ್ಲಿಂದ ಹೊರಟವನು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತವನ್ನು ಹೊಗುತ್ತಿದ್ದನು. ಹೊಳೆ ದಾಟದೆ ಹರಪನಹಳ್ಳಿಯತ್ತ ತಿರುಗಿದರೆ ಮದ್ರಾಸ್ ಪ್ರಾಂತವನ್ನು ಸೇರುತ್ತಿದ್ದನು. ಎಲ್ಲ ಕಡೆಯೂ ಅದೇ ನುಡಿ, ಅದೇ ಜೋಳದ ರೊಟ್ಟಿ, ಅದೇ ನಂಟುತನ, ಅದೇ ಜಾತ್ರೆ. ಬೇರೆಯಾಗಿದ್ದುದು ಕಾಯಿದೆ ಮತ್ತು ಕಚೇರಿ ಮಾತ್ರ. ನಿಜಲಿಂಗಪ್ಪನವರು ಹುಟ್ಟಿದ್ದು ಈ ಮೂರು ಆಡಳಿತಗಳು ಸಂಧಿಸುವ ಮೂಲೆಯಲ್ಲಿಯೇ ಎಂಬುದನ್ನು ಅರಿತರೆ, ಅವರ ಮುಂದಿನ ಬಾಳು ಅತ್ತ ಏಕೆ ಹರಿಯಿತೆಂಬುದು ತಾನಾಗಿಯೇ ತಿಳಿಯುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

1902ನೆಯ ಇಸವಿ ಡಿಸೆಂಬರ್ 10ರಂದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ನಿಜಲಿಂಗಪ್ಪನವರ ಜನನವಾಯಿತು. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಊರು ಅಂದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಿತು. ತಂದೆಯವರದು ಸಣ್ಣ ಪ್ರಮಾಣದ ವ್ಯಾಪಾರ. ಪೂರ್ವಿಕರು ಸಿರಿವಂತರಾಗಿದ್ದರೂ ಆ ಸಿರಿಯೆಲ್ಲ ಹಿಂದಿನ ತಲೆಮಾರುಗಳ ಕೈಯಲ್ಲಿಯೇ ಕರಗಿಹೋಗಿದ್ದಿತು. ಮಗು ಐದು ವರ್ಷದವನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತವರಿನ ಆಸರೆಯಿಂದ ಸಂಸಾರ ಹೇಗೋ ಸಾಗಿತು. ಆದರೆ ಬಡತನವು ಮನೆಯ ಹೊಸ್ತಿಲನ್ನು ಬಿಟ್ಟು ಕದಲಲಿಲ್ಲ.

ದಾವಣಗೆರೆಯಲ್ಲಿ ಹಳೆಯ ಪದ್ಧತಿಯ ಉಪಾಧ್ಯಾಯರಾಗಿದ್ದ ವೀರಪ್ಪ ಮಾಸ್ತರರ ಬಳಿ ಬಾಲಕನಿಗೆ ಮೊದಲ ಶಿಕ್ಷಣ ದೊರೆಯಿತು. ಅಕ್ಷರ, ಲೆಕ್ಕ, ಬಾಯಿಪಾಠಗಳ ಆ ಕಟ್ಟುನಿಟ್ಟಿನ ಪಾಠಕ್ರಮವೇ ಮುಂದಿನ ಶಿಸ್ತಿನ ಬಾಳಿಗೆ ತಳಹದಿಯಾಯಿತು. ಬಸವಣ್ಣನವರ ಮತ್ತು ಶಂಕರಾಚಾರ್ಯರ ವಿಚಾರಗಳು ತರುಣನ ಮನಸ್ಸಿನಲ್ಲಿ ಒಟ್ಟಿಗೇ ನೆಲೆಗೊಂಡವು. 1919ರ ಸುಮಾರಿಗೆ ಚಿತ್ರದುರ್ಗದ ಪ್ರೌಢಶಾಲೆಯನ್ನು ಸೇರಿದಾಗ ಆನಿ ಬೆಸೆಂಟರ ಬರಹಗಳು ಕೈಗೆ ಬಂದವು. ದೇಶವೆಂಬ ಕಲ್ಪನೆ ಮೂಡಿದ್ದು ಆ ಓದಿನಿಂದ. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ತೆರಳಿ 1924ರಲ್ಲಿ ಬಿ.ಎ. ಪದವಿಯನ್ನೂ, ಪುಣೆಯ ಕಾನೂನು ಕಾಲೇಜಿನಲ್ಲಿ 1926ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದರು.

ಈ ವಿದ್ಯಾಭ್ಯಾಸದ ಹಾದಿಯನ್ನು ಗಮನಿಸಬೇಕು. ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ, ಶಾಲೆ ಮತ್ತು ಕಾಲೇಜು ಮೈಸೂರು ಸಂಸ್ಥಾನದಲ್ಲಿ, ಕಾನೂನು ಮುಂಬಯಿ ಪ್ರಾಂತದಲ್ಲಿ. ಇಪ್ಪತ್ನಾಲ್ಕನೆಯ ವಯಸ್ಸಿನೊಳಗಾಗಿ ಕನ್ನಡಿಗರನ್ನು ಆಳುತ್ತಿದ್ದ ಐದು ಸರ್ಕಾರಗಳಲ್ಲಿ ಮೂರರ ನೆರಳಿನಲ್ಲಿ ಅವರು ಬಾಳಿದ್ದರು. ಕನ್ನಡ ನಾಡು ಒಡೆದುಹೋಗಿದೆಯೆಂಬ ಸಂಗತಿಯನ್ನು ಇತರರು ಭಾಷಣಗಳಿಂದ ಕಲಿತರೆ, ನಿಜಲಿಂಗಪ್ಪನವರು ಅದನ್ನು ತಮ್ಮ ದಿನನಿತ್ಯದ ಅನುಭವದಿಂದ ಕಲಿತರು. ಅವರಿನ್ನೂ ಕಾನೂನು ವಿದ್ಯಾರ್ಥಿಯಾಗಿದ್ದ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನವೂ, ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಪ್ರಥಮ ಕರ್ನಾಟಕ ಏಕೀಕರಣ ಸಮ್ಮೇಳನವೂ ಜರುಗಿದವು. ದೇಶದ ಸ್ವಾತಂತ್ರ್ಯ ಮತ್ತು ನಾಡಿನ ಏಕೀಕರಣ ಎಂಬ ಎರಡು ಧ್ಯೇಯಗಳು ಒಂದೇ ಊರಿನಲ್ಲಿ ಒಂದೇ ವಾರ ಒಟ್ಟಾಗಿ ನಿಂತ ಆ ಘಟನೆ ಆ ತಲೆಮಾರಿನ ತರುಣರೆಲ್ಲರ ದಾರಿಯನ್ನು ನಿರ್ಧರಿಸಿತು.

ವಕೀಲಿಯಿಂದ ಸೆರೆಮನೆಗೆ

ಪದವೀಧರರಾಗಿ ಹಿಂದಿರುಗಿದ ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಕಾಂಗ್ರೆಸ್ ಸಭೆಗಳಿಗೆ ಮೊದಲು ಪ್ರೇಕ್ಷಕರಾಗಿ, ಬಳಿಕ ಸ್ವಯಂಸೇವಕರಾಗಿ ಹೋಗುತ್ತಿದ್ದ ಅವರು 1936ರಲ್ಲಿ ಸೇವಾದಳದ ಸಂಸ್ಥಾಪಕರಾದ ಡಾ. ನಾ. ಸು. ಹರ್ಡೀಕರರ ಸಂಪರ್ಕಕ್ಕೆ ಬಂದ ಮೇಲೆ ಸಂಘಟನೆಯ ಕಾರ್ಯಕ್ಕೆ ಪೂರ್ಣವಾಗಿ ತೊಡಗಿದರು.

ಮೈಸೂರು ಸಂಸ್ಥಾನದಲ್ಲಿ ಹೋರಾಟದ ಸ್ವರೂಪವು ಬ್ರಿಟಿಷ್ ಪ್ರಾಂತಗಳಿಗಿಂತ ಭಿನ್ನವಾಗಿದ್ದಿತು. ಇಲ್ಲಿ ಎದುರಿಗಿದ್ದುದು ಪರಕೀಯನಲ್ಲ, ಪ್ರಜೆಗಳು ಗೌರವಿಸುತ್ತಿದ್ದ ಅರಸರ ಸರ್ಕಾರ. ಆದುದರಿಂದ ಬೇಡಿಕೆಯು ಜವಾಬ್ದಾರಿ ಸರ್ಕಾರದ್ದಾಗಿದ್ದಿತು. ಎಂದರೆ ಮಂತ್ರಿಗಳು ಅರಸರಿಗಲ್ಲದೆ ಪ್ರಜಾಪ್ರತಿನಿಧಿಗಳಿಗೆ ಹೊಣೆಯಾಗಬೇಕೆಂಬುದು. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ನೆತ್ತರು ಹರಿಯಿತು. ಮರುವರ್ಷ, 1939ರಲ್ಲಿ, ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಹೆಂಡಕ್ಕೆ ಮೂಲವಾದ ಈಚಲ ಮರಗಳನ್ನು ಕಡಿಯುವುದೇ ಆ ಸತ್ಯಾಗ್ರಹದ ವಿಧಾನ. ಪಾನನಿರೋಧ, ಸರ್ಕಾರದ ಅಬಕಾರಿ ಆದಾಯಕ್ಕೆ ಪೆಟ್ಟು, ಅರಣ್ಯ ಕಾಯಿದೆಯ ಭಂಗ ಇವು ಮೂರೂ ಒಂದು ಕೊಡಲಿಯ ಏಟಿನಲ್ಲಿಯೇ ಸಾಧಿತವಾಗುತ್ತಿದ್ದವು. ಈ ಸತ್ಯಾಗ್ರಹದಲ್ಲಿ ಮುಂದಾಳಾಗಿ ನಿಂತ ನಿಜಲಿಂಗಪ್ಪನವರು ಸೆರೆಮನೆ ಸೇರಿದರು. ನ್ಯಾಯಾಲಯದಲ್ಲಿ ಕಕ್ಷಿಗಾರರ ಪರವಾಗಿ ನಿಲ್ಲುತ್ತಿದ್ದ ವಕೀಲರು ತಾವೇ ಆರೋಪಿಯ ಸ್ಥಾನದಲ್ಲಿ ನಿಂತುದು ಚಿತ್ರದುರ್ಗದ ಹಳ್ಳಿಗರ ಕಣ್ಣಿನಲ್ಲಿ ಅವರನ್ನು ಬಹು ಎತ್ತರಕ್ಕೆ ಏರಿಸಿತು.

ಮುಂದೆ ಅವರು ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1946ರಲ್ಲಿ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷಪದವೂ ಅವರಿಗೆ ಒಲಿಯಿತು. 1920ರ ನಾಗಪುರ ಅಧಿವೇಶನದ ತೀರ್ಮಾನದಂತೆ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಿಕೊಂಡಿದ್ದಿತಾದ ಕಾರಣ, ಸರ್ಕಾರದ ಭೂಪಟದಲ್ಲಿಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ಭೂಪಟದಲ್ಲಿ ಆಗಲೇ ಮೂಡಿದ್ದಿತು. ಈ ವ್ಯವಸ್ಥೆಯ ಫಲವಾಗಿ ಒಂದು ಅಪೂರ್ವ ಸಂಗತಿ ಜರುಗಿತು. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಲು ಸೇರಿದ ಸಂವಿಧಾನ ಸಭೆಗೆ ನಿಜಲಿಂಗಪ್ಪನವರು ಮುಂಬಯಿ ಪ್ರಾಂತದ ಸದಸ್ಯರಾಗಿ ಆಯ್ಕೆಯಾದರು. ಅಂಬೇಡ್ಕರ್, ವಲ್ಲಭಭಾಯಿ ಪಟೇಲ್, ರಂಗನಾಥ ದಿವಾಕರ ಮೊದಲಾದವರ ಹೆಸರುಗಳಿದ್ದ ಮುಂಬಯಿಯ ಪಟ್ಟಿಯಲ್ಲಿಯೇ ಚಿತ್ರದುರ್ಗದ ವಕೀಲರ ಹೆಸರೂ ಇದ್ದಿತು. ಮದ್ರಾಸಿನಲ್ಲಿ ಜನಿಸಿ ಮೈಸೂರಿನಲ್ಲಿ ನೆಲೆಸಿದವರು ಮುಂಬಯಿಯ ಪ್ರತಿನಿಧಿಯಾದರು! ಗಡಿಗಳು ಎಷ್ಟು ಕೃತಕವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಏಕೀಕರಣದ ಕಠಿಣ ವರ್ಷಗಳು

1947ರಲ್ಲಿ ಸ್ವಾತಂತ್ರ್ಯ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಡೆದ ಮೈಸೂರು ಚಲೋ ಚಳವಳಿಯ ಫಲವಾಗಿ ಅಕ್ಟೋಬರ್ 24ರಂದು ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರವೂ ಸ್ಥಾಪಿತವಾಯಿತು. ಆದರೆ ಏಕೀಕರಣ ಬರಲಿಲ್ಲ. ದೇಶವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಭಾಷೆಯ ಹೆಸರಿನಲ್ಲಿ ಮತ್ತೆ ಗಡಿ ಎಳೆಯಲು ದೆಹಲಿಯ ನಾಯಕರು ಅಂಜಿದರು. 1948ರ ಧರ್ ಆಯೋಗವು ಭಾಷಾವಾರು ಪ್ರಾಂತಗಳ ಬೇಡಿಕೆಯನ್ನು ಒಪ್ಪಲಿಲ್ಲ. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯೂ ಕಾಯಲು ಹೇಳಿತು.

ಇದು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರ ಪಾಲಿಗೆ ಉಭಯಸಂಕಟದ ಕಾಲ. ಕೆಳಗಿನಿಂದ ಜನರು ಏಕೀಕರಣ ಕೂಡಲೇ ಆಗಲೆಂದು ಒತ್ತಾಯಿಸುತ್ತಿದ್ದರು. ಮೇಲಿನಿಂದ ಪಕ್ಷವು ಸಹನೆಯನ್ನು ಬೋಧಿಸುತ್ತಿದ್ದಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಮಡಿದ ಮೇಲೆ ಆಂಧ್ರ ರಾಜ್ಯದ ರಚನೆ ಘೋಷಿತವಾದಾಗ ಕನ್ನಡಿಗರ ಅಸಮಾಧಾನ ಇಮ್ಮಡಿಯಾಯಿತು. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡರು. ಆ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿ ಸೇರಿದ್ದಾಗ ಜನರ ಸಹನೆಯ ಕಟ್ಟೆಯೊಡೆದು ದೊಡ್ಡ ಗಲಭೆಯೇ ಆಯಿತು. ಏಕೀಕರಣಕ್ಕಾಗಿ ದುಡಿಯುತ್ತಿದ್ದ ನಾಯಕರೇ ಏಕೀಕರಣವಾದಿಗಳ ಕೋಪಕ್ಕೆ ಗುರಿಯಾದರು. ನಿಜಲಿಂಗಪ್ಪನವರು ಆ ಕೋಪವನ್ನು ಜನರ ವಿರುದ್ಧ ತಿರುಗಿಸಲಿಲ್ಲ. ಪಕ್ಷವನ್ನು ಬಿಟ್ಟು ಹೊರನಡೆಯಲೂ ಇಲ್ಲ. ಒಳಗೇ ಇದ್ದು ದೆಹಲಿಯ ಬಾಗಿಲನ್ನು ಮತ್ತೆ ಮತ್ತೆ ತಟ್ಟುವ ಹಾದಿಯನ್ನೇ ಹಿಡಿದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಹರಪನಹಳ್ಳಿಯೂ ಆ ಏಳರಲ್ಲಿ ಒಂದಾದುದರಿಂದ, ನಿಜಲಿಂಗಪ್ಪನವರ ಹುಟ್ಟೂರು ಅವರ ಐವತ್ತನೆಯ ವಯಸ್ಸಿನಲ್ಲಿ ಅವರು ನೆಲೆಸಿದ್ದ ರಾಜ್ಯದೊಳಕ್ಕೆ ಬಂದಂತಾಯಿತು. ಬಳ್ಳಾರಿಯ ಆ ಹೋರಾಟದಲ್ಲಿ ಪಿಂಜಾರ ರಂಜಾನ್ ಸಾಬರು ಪ್ರಾಣ ತೆತ್ತುದನ್ನು ಕನ್ನಡಿಗರು ಮರೆಯಬಾರದು. ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. 1955ರ ಸೆಪ್ಟೆಂಬರಿನಲ್ಲಿ ಆಯೋಗವು ಒಂದುಗೂಡಿದ ಕನ್ನಡ ರಾಜ್ಯವನ್ನು ಶಿಫಾರಸು ಮಾಡಿತು.

ಆಗ ವಿರೋಧ ಬಂದುದು ಹೊರಗಿನಿಂದಲ್ಲ, ಒಳಗಿನಿಂದ. ಶಿವನಸಮುದ್ರದ ವಿದ್ಯುತ್ತು, ಕೃಷ್ಣರಾಜಸಾಗರದ ನೀರು, ಭದ್ರಾವತಿಯ ಕಬ್ಬಿಣ, ಶಾಲೆ ಆಸ್ಪತ್ರೆಗಳು, ದಕ್ಷ ಆಡಳಿತ ಇವೆಲ್ಲವನ್ನೂ ದಶಕಗಳಿಂದ ಕಟ್ಟಿಕೊಂಡಿದ್ದ ಹಳೆಯ ಮೈಸೂರಿನ ಅನೇಕರಿಗೆ, ಹಿಂದುಳಿದ ಉತ್ತರದ ಜಿಲ್ಲೆಗಳನ್ನು ಸೇರಿಸಿಕೊಂಡರೆ ತಮ್ಮ ಬೊಕ್ಕಸ ಬರಿದಾದೀತೆಂಬ ಭಯವಿದ್ದಿತು. ಜನಾಂಗಗಳ ಬಲಾಬಲ ಬದಲಾದೀತೆಂಬ ಲೆಕ್ಕಾಚಾರವೂ ಇದ್ದಿತು. ಎರಡು ಕನ್ನಡ ರಾಜ್ಯಗಳಿರಲೆಂಬ ವಾದವೂ ಕೇಳಿಬಂದಿತು. ಚನ್ನಗಿರಿ, ಹೊನ್ನಾಳಿಗಳ ಸೀಮೆಯೂ ಹಳೆಯ ಮೈಸೂರೇ ಆದುದರಿಂದ ಈ ಶಂಕೆಗಳು ಇಲ್ಲಿಗೂ ಅಪರಿಚಿತವಾಗಿರಲಿಲ್ಲ. ಆ ಭಯವನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ಉಚಿತವಲ್ಲ. ಇದ್ದುದನ್ನು ಹಂಚಿಕೊಳ್ಳಬೇಕಾದವರ ಸಹಜವಾದ ಅಳುಕು ಅದು. ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಪ್ರದೇಶದ ಬಹುಮಂದಿಯ ಅಭಿಪ್ರಾಯವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತುದು ಅವರ ದೊಡ್ಡತನ. ಏಕೀಕರಣದ ಕೀರ್ತಿಯಲ್ಲಿ ಹನುಮಂತಯ್ಯನವರ ಈ ಪಾಲನ್ನು ಬಿಟ್ಟು ನಿಜಲಿಂಗಪ್ಪನವರ ಪಾಲನ್ನು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ.

ಕೂಡಿದ ನಾಡಿನ ಮೊದಲ ಮುಖ್ಯಮಂತ್ರಿ

1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರು ಅಧಿಕಾರ ಬಿಟ್ಟರು. ಕಡಿದಾಳ್ ಮಂಜಪ್ಪನವರು ಅಕ್ಟೋಬರ್ ಅಂತ್ಯದವರೆಗೆ ಮುಖ್ಯಮಂತ್ರಿಗಳಾಗಿದ್ದರು. 1952ರಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾಗಿದ್ದ ನಿಜಲಿಂಗಪ್ಪನವರನ್ನು ವಿಶಾಲ ಮೈಸೂರು ರಾಜ್ಯದ ಶಾಸಕ ಪಕ್ಷವು ತನ್ನ ನಾಯಕರನ್ನಾಗಿ ಆರಿಸಿಕೊಂಡಿತು. ನವೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು. ಮುಂಬಯಿಯಿಂದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು. ಹೈದರಾಬಾದಿನಿಂದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಮದ್ರಾಸಿನಿಂದ ದಕ್ಷಿಣ ಕನ್ನಡ ಜಿಲ್ಲೆ ಮತ್ತು ಕೊಳ್ಳೇಗಾಲ ತಾಲ್ಲೂಕು. ಜೊತೆಗೆ ಕೊಡಗು, ಇವೆಲ್ಲ ಮೈಸೂರಿನೊಡನೆ ಕೂಡಿ 19 ಜಿಲ್ಲೆಗಳ ರಾಜ್ಯವಾಯಿತು. ಕಾಸರಗೋಡು ಕೇರಳಕ್ಕೆ ಹೋದುದು ಆ ಹಬ್ಬದ ದಿನದ ಕಹಿಯಾಗಿ ಉಳಿಯಿತು.

ಉದ್ಘಾಟನೆಯ ದೀಪ ಆರಿದ ಮರುದಿನದಿಂದಲೇ ನಿಜವಾದ ಕೆಲಸ ಆರಂಭವಾಯಿತು. ಐದು ಕಡೆಯ ಭೂಕಂದಾಯ ಪದ್ಧತಿಗಳು ಬೇರೆ, ಕಾಯಿದೆಗಳು ಬೇರೆ, ನೌಕರರ ಸಂಬಳ ಹಾಗೂ ಹಿರಿತನದ ನಿಯಮಗಳು ಬೇರೆ. ಹೈದರಾಬಾದಿನ ಕಡೆಯ ಕಡತಗಳಲ್ಲಿ ಉರ್ದು, ಮುಂಬಯಿ ಗಡಿಯ ಕಚೇರಿಗಳಲ್ಲಿ ಮರಾಠಿ, ಎಲ್ಲೆಡೆಯೂ ಮೇಲೆ ಇಂಗ್ಲಿಷ್. ಶಾಲೆಗಳ ತರಗತಿ, ಪರೀಕ್ಷೆ, ಪಠ್ಯಪುಸ್ತಕಗಳೂ ಒಂದೇ ಆಗಿರಲಿಲ್ಲ. ಧಾರವಾಡದ ಹುಡುಗ ಮುಲ್ಕಿ ಪರೀಕ್ಷೆಗೆ ಕುಳಿತರೆ ಚನ್ನಗಿರಿಯ ಹುಡುಗ ಲೋಯರ್ ಸೆಕೆಂಡರಿಗೆ ಕುಳಿತಿರುತ್ತಿದ್ದನು. ಒಂದು ಹುದ್ದೆಗೆ ಮೈಸೂರಿನ ಅಧಿಕಾರಿ ಹಿರಿಯರೋ ಮುಂಬಯಿಯಿಂದ ಬಂದವರು ಹಿರಿಯರೋ ಎಂಬ ಪ್ರಶ್ನೆಯು ಸಾವಿರಾರು ಮನೆಗಳ ಅನ್ನದ ಪ್ರಶ್ನೆಯಾಗಿದ್ದಿತು. ಭಾವನೆಯಿಂದ ಕೂಡಿದ ಜನರನ್ನು ಲೆಕ್ಕಪತ್ರದಲ್ಲಿಯೂ ಕೂಡಿಸುವ ಈ ಕಾರ್ಯಕ್ಕೆ ಚಪ್ಪಾಳೆಯಿಲ್ಲ, ಜಯಘೋಷವಿಲ್ಲ. ಆದರೆ ಇದಿಲ್ಲದೆ ರಾಜ್ಯ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ.

1957ರಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಆಯ್ಕೆಯಾದ ಅವರು ಮರುವರ್ಷ ಮೇ ತಿಂಗಳಲ್ಲಿ ಪಕ್ಷದ ಒಳಜಗಳದಿಂದಾಗಿ ರಾಜೀನಾಮೆ ಕೊಡಬೇಕಾಯಿತು. ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ ಪಕ್ಷ ಗೆದ್ದರೂ ನಿಜಲಿಂಗಪ್ಪನವರು ತಮ್ಮ ಜಿಲ್ಲೆಯ ಹೊಸದುರ್ಗದಲ್ಲಿಯೇ ಸೋತರು. ಸ್ವಂತ ನೆಲದ ಜನರು ತಿರಸ್ಕರಿಸಿದ ನಾಯಕನಿಗೆ ಆಸರೆ ಕೊಟ್ಟದ್ದು ಹಿಂದಿನ ಮುಂಬಯಿ ಪ್ರಾಂತದ ಬಾಗಲಕೋಟೆ. ಎಸ್. ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಗಳಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಚುನಾಯಿತರಾದೊಡನೆ ಸ್ಥಾನವನ್ನು ಅವರಿಗೆ ಒಪ್ಪಿಸಿ ಸರಿದುನಿಂತರು. ಅಧಿಕಾರದ ಇತಿಹಾಸದಲ್ಲಿ ಇಂತಹ ನಿಃಸ್ಪೃಹತೆ ವಿರಳ. ಏಕೀಕರಣವು ಕಾಗದದಿಂದ ಜನಮನಕ್ಕೆ ಇಳಿದಿದ್ದಿತೆಂಬುದಕ್ಕೂ ಈ ಘಟನೆ ಸಾಕ್ಷಿ. ಆರು ವರ್ಷಗಳ ಹಿಂದೆ ಬೇರೊಂದು ರಾಜ್ಯವಾಗಿದ್ದ ಊರು ಚಿತ್ರದುರ್ಗದವರನ್ನು ತನ್ನವರೆಂದು ಭಾವಿಸಿತು.

1962ರ ಜೂನ್‌ನಿಂದ 1968ರ ಮೇ ತಿಂಗಳವರೆಗಿನ ಆರು ವರ್ಷಗಳು ಅವರ ಆಡಳಿತದ ಸಾರ್ಥಕ ಕಾಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನಾಡಿಗೆ ಹೇರಳವಾದ ವಿದ್ಯುತ್ತು ದೊರೆಯಿತು. ಅದೇ ವರ್ಷ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದರು. 1947ರಲ್ಲಿ ಆರಂಭವಾಗಿದ್ದ ಭದ್ರಾ ಯೋಜನೆ ಈ ಅವಧಿಯಲ್ಲಿ ಪೂರ್ಣಗೊಂಡು ಚನ್ನಗಿರಿ, ದಾವಣಗೆರೆಗಳ ಒಣಭೂಮಿಯಲ್ಲಿ ಬತ್ತದ ಹಸಿರು ಹರಡಿತು. ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಕೃಷಿ ವಿಶ್ವವಿದ್ಯಾನಿಲಯಗಳು 1964ರಲ್ಲಿ ಸ್ಥಾಪಿತವಾದವು. 1963ರ ರಾಜ್ಯಭಾಷಾ ಅಧಿನಿಯಮವು ಕನ್ನಡಕ್ಕೆ ಆಡಳಿತದಲ್ಲಿ ಅಧಿಕೃತ ಪೀಠವನ್ನು ಕೊಟ್ಟಿತು. 1961ರಲ್ಲಿ ರೂಪುಗೊಂಡ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಗೇಣಿದಾರನಿಗೆ ಅದರಿಂದ ದೊರೆತ ರಕ್ಷಣೆ ಅಪೂರ್ಣವಾಗಿದ್ದರೂ ಮುಂದಿನ ಸುಧಾರಣೆಗಳಿಗೆ ಅದು ಮೆಟ್ಟಿಲಾಯಿತು.

ಎಲ್ಲವೂ ಯಶಸ್ಸೇ ಎಂದು ಹೇಳಲಾಗದು. ಶರಾವತಿಯ ಬೆಳಕಿನ ಹಿಂದೆ ಮುಳುಗಿದ ಹಳ್ಳಿಗಳ ಕತ್ತಲೆಯಿತ್ತು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿರಿಸಿ 1962ರ ಜುಲೈನಲ್ಲಿ ಅವರ ಸರ್ಕಾರ ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂಬ ತತ್ತ್ವಕ್ಕೆ ಆ ಬಾಲಾಜಿ ಮೊಕದ್ದಮೆಯೇ ಮೂಲವಾಯಿತು. ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋಗಿದ್ದವರ ಆಡಳಿತದಲ್ಲಿಯೇ, 1967ರಲ್ಲಿ, ರಾಜ್ಯದ ಪಾನನಿರೋಧ ತೆರವಾಯಿತು. ಬೊಕ್ಕಸದ ಅಗತ್ಯ ಒಂದು ಕಡೆ, ಕಳ್ಳಭಟ್ಟಿಯ ಹಾವಳಿ ಇನ್ನೊಂದು ಕಡೆ. ಹೋರಾಟಗಾರನ ವ್ರತಕ್ಕೂ ಆಡಳಿತಗಾರನ ಹೊಣೆಗೂ ನಡುವಿನ ಅಂತರವನ್ನು ತೋರಿಸುವ ಇದಕ್ಕಿಂತ ಕಠೋರವಾದ ಪ್ರಸಂಗ ಅವರ ಬಾಳಿನಲ್ಲಿ ಬೇರೊಂದಿಲ್ಲ.

ಗಡಿಯ ಪ್ರಶ್ನೆಯಲ್ಲಿ ಮಾತ್ರ ಅವರು ಅಚಲರಾಗಿದ್ದರು. ಮಹಾರಾಷ್ಟ್ರದ ಒತ್ತಾಯದ ಮೇರೆಗೆ 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಮಹಾಜನ ಆಯೋಗದ ಮುಂದೆ ಮೈಸೂರಿನ ಪಕ್ಷವನ್ನು ಅವರ ಸರ್ಕಾರ ಸಮರ್ಥವಾಗಿ ಮಂಡಿಸಿತು. 1967ರ ವರದಿಯು ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಲೆಂದೂ, ಚಂದ್ರಗಿರಿಯ ಉತ್ತರದ ಕಾಸರಗೋಡು ಪ್ರದೇಶ ಮೈಸೂರಿಗೆ ಸೇರಲೆಂದೂ, ನಿಪ್ಪಾಣಿ ಮೊದಲಾದ ಕೆಲವು ಭಾಗಗಳು ಮಹಾರಾಷ್ಟ್ರಕ್ಕೆ ಹೋಗಲೆಂದೂ ಹೇಳಿತು. ಕೊಡುವುದನ್ನೂ ಪಡೆಯುವುದನ್ನೂ ಒಟ್ಟಾಗಿ ಒಪ್ಪಲು ಮೈಸೂರು ಸಿದ್ಧವಿದ್ದಿತು, ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಇಂದಿಗೂ ಕಾರ್ಯರೂಪಕ್ಕೆ ಬಂದಿಲ್ಲ.

ಕೂಡಿಸಿದವರ ಕೈಯಲ್ಲಿಯೇ ಒಡೆದ ಪಕ್ಷ

ಅಷ್ಟರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಮಟ್ಟದ ಧುರೀಣರಾಗಿದ್ದರು. 1963ರ ಅಕ್ಟೋಬರಿನಲ್ಲಿ ತಿರುಪತಿಯಲ್ಲಿ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಮೊದಲಾದವರೊಡನೆ ಕುಳಿತು ನೆಹರೂ ಅವರ ನಂತರದ ನಾಯಕತ್ವವನ್ನು ಕುರಿತು ಸಮಾಲೋಚಿಸಿದ ಬಳಗದಲ್ಲಿ ಅವರೂ ಒಬ್ಬರು. ಪತ್ರಿಕೆಗಳು ಈ ಬಳಗವನ್ನು ಸಿಂಡಿಕೇಟ್ ಎಂದು ಕರೆದವು. 1966ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಲು ಬೆಂಬಲವಿತ್ತ ಮುಖ್ಯಮಂತ್ರಿಗಳಲ್ಲಿಯೂ ಅವರಿದ್ದರು. 1968ರ ಜನವರಿಯಲ್ಲಿ ಹೈದರಾಬಾದಿನ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅಲಂಕರಿಸಿ, ಮೇ ತಿಂಗಳಲ್ಲಿ ಮುಖ್ಯಮಂತ್ರಿ ಪದವನ್ನು ವೀರೇಂದ್ರ ಪಾಟೀಲರಿಗೆ ಒಪ್ಪಿಸಿದರು.

ಮುಂದಿನ ಒಂದೂವರೆ ವರ್ಷವು ಅವರ ಬಾಳಿನ ಅತ್ಯಂತ ಕಷ್ಟದ ಕಾಲ. ರಾಷ್ಟ್ರಪತಿ ಜಾಕಿರ್ ಹುಸೇನರು 1969ರ ಮೇ ತಿಂಗಳಲ್ಲಿ ನಿಧನರಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷವು ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿಗೆ ಅದು ಒಪ್ಪಿಗೆಯಾಗಲಿಲ್ಲ. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕೈತಪ್ಪಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೋರಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಸಂಪರ್ಕಿಸಿದುದು ಎದುರಾಳಿಗಳ ಕೈಗೆ ಅಸ್ತ್ರವಾಯಿತು. ಆಗಸ್ಟ್‌ನಲ್ಲಿ ವಿ. ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ಪಕ್ಷದ ಅಧ್ಯಕ್ಷರಾಗಿ ನಿಜಲಿಂಗಪ್ಪನವರು ಶಿಸ್ತುಭಂಗದ ಕಾರಣಕ್ಕಾಗಿ ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಸ್ವಾತಂತ್ರ್ಯವನ್ನು ಗಳಿಸಿದ ಮಹಾಸಂಸ್ಥೆ ಎರಡಾಗಿ ಸೀಳಿತು. ಅವಿಭಕ್ತ ಕಾಂಗ್ರೆಸ್ಸಿನ ಕಟ್ಟಕಡೆಯ ಅಧ್ಯಕ್ಷರೆಂಬ ನೋವಿನ ಬಿರುದು ಅವರಿಗೆ ಅಂಟಿತು.

ಯಾರದು ಸರಿ, ಯಾರದು ತಪ್ಪೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಪಕ್ಷವು ವ್ಯಕ್ತಿಗಿಂತ ದೊಡ್ಡದು, ಸಾಮೂಹಿಕ ನಿರ್ಣಯಕ್ಕೆ ಪ್ರಧಾನಿಯೂ ಬದ್ಧರು ಎಂಬುದು ನಿಜಲಿಂಗಪ್ಪನವರ ನಿಲುವು. ಆ ನಿಲುವಿನ ಬೆಲೆ ಮುಂದಿನ ದಶಕದಲ್ಲಿ ದೇಶಕ್ಕೆ ಅರಿವಾಯಿತು. ಆದರೆ ಬಡಜನರ ಆಶೆ ಯಾವ ಕಡೆ ತಿರುಗುತ್ತಿದೆಯೆಂಬುದನ್ನು ಅವರ ಬಳಗ ಗುರುತಿಸಲಿಲ್ಲವೆಂಬುದೂ ಅಷ್ಟೇ ಸತ್ಯ. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ತವರು ರಾಜ್ಯದ 27 ಸ್ಥಾನಗಳೂ ಎದುರು ಬಣದ ಪಾಲಾದವು. ಐದು ಆಡಳಿತಗಳನ್ನು ಕೂಡಿಸುವಾಗ ನೆರವಾದ ಸಹನೆ ಎರಡು ಬಣಗಳನ್ನು ಕೂಡಿಸಲು ನೆರವಾಗಲಿಲ್ಲ. ಮನಸ್ಸುಗಳು ಕೂಡಲು ಬಯಸಿದಾಗ ಮಾತ್ರ ಕೂಡಿಸುವವನ ಜಾಣ್ಮೆ ಫಲಿಸುತ್ತದೆ.

ಸಂಧ್ಯಾಕಾಲ

ಆ ಬಳಿಕ ಅವರು ಕ್ರಮೇಣ ಅಧಿಕಾರ ರಾಜಕಾರಣದಿಂದ ಹಿಂದೆ ಸರಿದರು. 1973ರ ನವೆಂಬರ್ 1ರಂದು ದೇವರಾಜ ಅರಸರ ಆಡಳಿತದಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ, ಅದರ ಪ್ರಥಮ ಮುಖ್ಯಮಂತ್ರಿಗಳು ಅಧಿಕಾರದಿಂದ ದೂರದಲ್ಲಿದ್ದರು. ಚಿತ್ರದುರ್ಗದ ತಮ್ಮ ಮನೆಯಲ್ಲಿ ಓದು, ದಿನಚರಿ ಬರೆಹ, ಭೇಟಿಗೆ ಬಂದವರೊಡನೆ ಮಾತುಕತೆಗಳಲ್ಲಿ ಕಾಲ ಕಳೆದರು. ಸರ್ದಾರ್ ವಲ್ಲಭಭಾಯಿ ಪಟೇಲರ ಹೆಸರಿನ ಸಂಸ್ಥೆಯ ಅಧ್ಯಕ್ಷತೆಯಂತಹ ಸೇವಾಕಾರ್ಯಗಳು ಮಾತ್ರ ಉಳಿದವು. ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಪ್ರಕಟವಾಗಿದೆ. 1999ರಲ್ಲಿ ರಾಜ್ಯ ಸರ್ಕಾರವು ಕರ್ನಾಟಕ ರತ್ನ ಪ್ರಶಸ್ತಿಯಿಂದ ಅವರನ್ನು ಗೌರವಿಸಿತು. 2000ನೆಯ ಇಸವಿ ಆಗಸ್ಟ್ 8ರಂದು, ತೊಂಬತ್ತೇಳು ತುಂಬಿದ ವಯಸ್ಸಿನಲ್ಲಿ, ಚಿತ್ರದುರ್ಗದಲ್ಲಿಯೇ ಅವರು ಲಿಂಗೈಕ್ಯರಾದರು. ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬೆಳಗಾವಿಯ ಸಕ್ಕರೆ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

ನಿಜಲಿಂಗಪ್ಪನವರು ಆರಂಭಿಸಿದ ಕೆಲಸ ಅವರೊಡನೆ ಮುಗಿಯಲಿಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯನ್ನು ಸಂಸತ್ತು ಅಂಗೀಕರಿಸಲು 2012ರ ಡಿಸೆಂಬರ್ ಬರಬೇಕಾಯಿತು. ನಾಡು ಕೂಡಿ ಅರ್ಧ ಶತಮಾನ ಕಳೆದರೂ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸಲಾಗಿಲ್ಲವೆಂಬುದಕ್ಕೆ ಇವು ಸಾಕ್ಷಿ. ಇದ್ದುದನ್ನು ಹಂಚಿಕೊಂಡರೆ ಬರಿದಾದೀತೆಂದು 1955ರಲ್ಲಿ ಅಂಜಿದವರ ಮಾತು ನಿಜವಾಗಲಿಲ್ಲ. ಹಳೆಯ ಮೈಸೂರು ಬರಿದಾಗಲಿಲ್ಲ. ಹಂಚಿಕೆ ಪೂರ್ಣವಾಗುವುದೆಂದು ನಂಬಿದವರ ಮಾತೂ ಇನ್ನೂ ನಿಜವಾಗಬೇಕಾಗಿದೆ.

ತಂದೆಯಿಲ್ಲದ ಒಬ್ಬ ಬಡ ಹುಡುಗನಿಗೆ ದಾವಣಗೆರೆಯ ಒಬ್ಬ ಮಾಸ್ತರರು ಅಕ್ಷರ ಕಲಿಸಿದರು. ತವರಿನ ಹಿರಿಯರು ಅನ್ನವಿತ್ತರು. ಆ ಹುಡುಗ ಬೆಳೆದು ಐದು ಸೀಮೆಗಳ ಜನರಿಗೆ ಒಂದೇ ಮನೆಯ ಬಾಗಿಲನ್ನು ತೆರೆದನು. ಅಕ್ಷರದಾನ, ಅನ್ನದಾನಗಳ ಫಲವು ಕೊಟ್ಟವರ ಜೀವಿತಕಾಲದಲ್ಲಿಯೇ ಕಾಣಬೇಕೆಂಬ ನಿಯಮವಿಲ್ಲ. ಅದು ಯಾವ ತರಗತಿಯ ಯಾವ ಮೂಲೆಯಲ್ಲಿ ಕುಳಿತ ಮಗುವಿನಲ್ಲಿ ಮೊಳೆಯುತ್ತಿದೆಯೆಂದು ಯಾರೂ ಮುಂಚಿತವಾಗಿ ಹೇಳಲಾರರು. ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸುವ ಗುರುವೃಂದಕ್ಕೂ ದಾನಿಗಳಿಗೂ ನಿಜಲಿಂಗಪ್ಪನವರ ಬಾಳು ನೀಡುವ ಭರವಸೆ ಇದು. ನಾಡು ಒಮ್ಮೆ ಕೂಡಿದರೆ ಸಾಲದು, ಪ್ರತಿಯೊಂದು ತಲೆಮಾರೂ ಅದನ್ನು ಮತ್ತೆ ಕೂಡಿಸಿಕೊಳ್ಳಬೇಕೆಂಬುದು ಅದೇ ಬಾಳು ವಿದ್ಯಾರ್ಥಿಗಳಿಗೆ ಒಪ್ಪಿಸಿಹೋದ ಹೊಣೆ.